ರೆಸ್ಟ್ ಕೊಟ್ಟರೂ ಮಾಂಸ ಕೆಟ್ಟಿತೇ? ತಪ್ಪು ಎಲ್ಲಿ ಅಂತ ಹುಡುಕುವ ಬಗೆ

ಮನೆಯ ಓಟಿಜಿಯಲ್ಲಿ, ಅಂದರೆ ಪುಟ್ಟ ಕರೆಂಟ್ ಓವನ್ನಿನಲ್ಲಿ, ಇಡೀ ಕೋಳಿ ರೋಸ್ಟ್ ಮಾಡುವವರು ಈಗ ಜಾಸ್ತಿ ಆಗಿದ್ದಾರೆ. ಅವರ ಜೊತೆ ದೂರುಗಳೂ ಜಾಸ್ತಿ ಆಗಿವೆ, ಎಲ್ಲ ರೆಸ್ಟ್ ಬಗ್ಗೆ. ರೆಸ್ಟ್ ಅಂದರೆ ಬೆಂದ ಮಾಂಸವನ್ನು ಕತ್ತರಿಸುವ ಮುಂಚೆ ಸ್ವಲ್ಪ ಹೊತ್ತು ಸುಮ್ನೆ ಬಿಡುವುದು. ಒಬ್ಬರು "ಹತ್ತು ನಿಮಿಷ ರೆಸ್ಟ್ ಕೊಟ್ಟೆ, ಆದ್ರೂ ಒಣಕಲು" ಅನ್ನುತ್ತಾರೆ. ಇನ್ನೊಬ್ಬರಿಗೆ ಹಲಗೆ ತುಂಬ ನೀರು. ಮತ್ತೊಬ್ಬರ ಮನೆಯಲ್ಲಿ ಗರಿಗರಿ ಚರ್ಮ ಒದ್ದೆ ಬಟ್ಟೆ ಆಗಿರುತ್ತದೆ. ಬೈಗುಳ ಮಾತ್ರ ಎಲ್ಲರದ್ದೂ ರೆಸ್ಟ್‌ಗೇ.

ಇವುಗಳಲ್ಲಿ ಹೆಚ್ಚಿನವಕ್ಕೆ ರೆಸ್ಟ್ ಕಾರಣವೇ ಅಲ್ಲ. ಓವನ್ನಿನಲ್ಲೋ, ಫ್ರಿಜ್ಜಿನಲ್ಲೋ, ಮಾಂಸದ ಅಂಗಡಿಯಲ್ಲೋ ಕೆಲಸ ಮೊದಲೇ ಕೆಟ್ಟಿರುತ್ತದೆ. ಕತ್ತರಿಸುವ ಹೊತ್ತಿಗೆ ಕಣ್ಣಿಗೆ ಬೀಳುತ್ತದೆ, ಅಷ್ಟೇ. ಹಾಗಾಗಿ ಇಲ್ಲಿ ಕಾಣುವ ಲಕ್ಷಣದಿಂದ ಹಿಂದಕ್ಕೆ ಹೋಗಿ ಕಾರಣ ಹುಡುಕೋಣ.

ಮೊದಲು ಥರ್ಮಾಮೀಟರ್ ನೋಡಿ

ಮಾಂಸಕ್ಕೆ ಚುಚ್ಚುವ ಥರ್ಮಾಮೀಟರ್ ಇಲ್ಲದೆ ಈ ತನಿಖೆ ಅರ್ಧ ಕುರುಡು. ಇದ್ದರೂ ಅದು ಸರಿ ಹೇಳುತ್ತಿದೆಯಾ ಅಂತ ಪರೀಕ್ಷಿಸಿ. ಒಂದು ಲೋಟದ ತುಂಬ ಪುಡಿ ಮಾಡಿದ ಐಸ್ ಹಾಕಿ, ಸಂದು ತುಂಬುವಷ್ಟು ನೀರು ಹಾಕಿ, ಕದಡಿ, ಮಧ್ಯಕ್ಕೆ ಮೊನೆ ಇಳಿಸಿ. ಸೊನ್ನೆ ಡಿಗ್ರಿ ತೋರಿಸಬೇಕು. ಒಂದು ಡಿಗ್ರಿ ಆಚೆ ಈಚೆ ಆದರೆ ಪರವಾಗಿಲ್ಲ.

ಕುದಿಯುವ ನೀರಿನಲ್ಲಿ ಪರೀಕ್ಷಿಸುವವರಿಗೆ ಒಂದು ಎಚ್ಚರಿಕೆ. ಮಂಗಳೂರಿನಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಬೆಂಗಳೂರು ಸಮುದ್ರ ಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿದೆ, ಅಲ್ಲಿ ಸುಮಾರು 97ಕ್ಕೇ ಕುದಿಯುತ್ತದೆ. ಮಡಿಕೇರಿಯಲ್ಲಿ ಇನ್ನೂ ಒಂದು ಡಿಗ್ರಿ ಕಡಿಮೆ. 97 ತೋರಿಸಿತು ಅಂತ ಒಳ್ಳೆಯ ಥರ್ಮಾಮೀಟರ್ ಬಿಸಾಡಿಬಿಡಬೇಡಿ.

ಚುಚ್ಚುವ ಜಾಗವೂ ಮುಖ್ಯ. ಕೋಳಿಯ ಎದೆ ಭಾಗದಲ್ಲಿ ಎಲ್ಲಕ್ಕಿಂತ ದಪ್ಪ ಇರುವ ಕಡೆ, ಕುತ್ತಿಗೆಯ ಬದಿಯಿಂದ ಉದ್ದಕ್ಕೆ ಚುಚ್ಚಿ. ಮೊನೆ ಮೂಳೆಗೆ ತಾಗಿದರೆ ಸಂಖ್ಯೆ ನಂಬುವ ಹಾಗಿಲ್ಲ, ಸ್ವಲ್ಪ ಹಿಂದಕ್ಕೆ ಎಳೆಯಿರಿ. ಎರಡು ಮೂರು ಕಡೆ ನೋಡಿ ಎಲ್ಲಕ್ಕಿಂತ ಕಡಿಮೆ ಬಂದದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಸುಮ್ನೆ ಬಿಟ್ಟಾಗ ಒಳಗೆ ಏನಾಗುತ್ತದೆ

ಹಸಿ ಮಾಂಸದಲ್ಲಿ ಮುಕ್ಕಾಲು ಪಾಲು ನೀರು. ಬಿಸಿ 50 ಡಿಗ್ರಿ ದಾಟುತ್ತಿದ್ದಂತೆ ಸ್ನಾಯುವಿನ ಪ್ರೋಟೀನು ಕುಗ್ಗಲು ಶುರುವಾಗುತ್ತದೆ. 65 ದಾಟಿದ ಮೇಲೆ ಇನ್ನೂ ಜೋರಾಗಿ ಕುಗ್ಗಿ ನೀರನ್ನು ಹಿಂಡುತ್ತದೆ. ಬಿಸಿಬಿಸಿ ಇರುವಾಗ ಆ ರಸ ತೆಳ್ಳಗಿರುತ್ತದೆ. ಚಾಕು ಹಾಕಿದರೆ ಹರಿದುಬಿಡುತ್ತದೆ. ಸ್ವಲ್ಪ ಆರಿದರೆ ಅದರಲ್ಲಿ ಕರಗಿದ ಪ್ರೋಟೀನು ಮತ್ತು ಜೆಲಟಿನ್‌ನಿಂದ ರಸ ಮಂದವಾಗುತ್ತದೆ, ಎಳೆಗಳ ನಡುವೆ ನಿಲ್ಲುತ್ತದೆ.

ಅಂದರೆ ಕೆಲಸ ಮಾಡುವುದು ಗಡಿಯಾರ ಅಲ್ಲ, ಇಳಿಯುವ ಬಿಸಿ. "ಹತ್ತು ನಿಮಿಷ" ಅನ್ನುವುದು ಬರೀ ಅಂದಾಜು. ರೆಸ್ಟ್‌ನಿಂದ ಮಾಂಸಕ್ಕೆ ಹೊಸದಾಗಿ ರಸ ಸೇರುವುದೂ ಇಲ್ಲ. ಓವನ್ನಿನಲ್ಲಿ ಆವಿಯಾಗಿ ಹೋದದ್ದು ಹೋಯಿತು.

ಇನ್ನೊಂದು ಹಳೇ ನಂಬಿಕೆ ಇಲ್ಲೇ ಬಿಟ್ಟುಬಿಡೋಣ. ಮೊದಲು ಜೋರು ಉರಿಯಲ್ಲಿ ಹುರಿದರೆ ರಸ ಒಳಗೆ ಸೀಲ್ ಆಗುತ್ತದೆ ಅನ್ನುವುದು. 1847ರಲ್ಲಿ ಜರ್ಮನಿಯ ರಸಾಯನ ವಿಜ್ಞಾನಿ ಯುಸ್ಟಸ್ ಫಾನ್ ಲೀಬಿಗ್ ಹಾಗೆ ಹೇಳಿದರು, ಜನ ಇನ್ನೂ ಹೇಳುತ್ತಿದ್ದಾರೆ. ಅದು ಸುಳ್ಳು ಅಂತ ಯಾವತ್ತೋ ಗೊತ್ತಾಗಿದೆ. ಹುರಿದ ತುಂಡು ಕಾವಲಿಯ ಮೇಲೆ ಚುರ್ ಚುರ್ ಅನ್ನುತ್ತಲೇ ಇರುತ್ತದಲ್ಲ, ಆ ಸದ್ದೇ ನೀರು ಹೊರಗೆ ಬರುತ್ತಿರುವುದಕ್ಕೆ ಸಾಕ್ಷಿ. ಹುರಿಯಿರಿ, ರುಚಿಗೆ ಒಳ್ಳೆಯದು. ರಸ ಉಳಿಸಲು ಅಲ್ಲ.

ಲಕ್ಷಣ: ರೆಸ್ಟ್ ಕೊಟ್ಟೆ, ಆದರೂ ಒಣಗಿದೆ

ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ದೂರು ಇದು. ಮೊದಲ ಪ್ರಶ್ನೆ: ಓವನ್ನಿಂದ ತೆಗೆದಾಗ ಎದೆ ಭಾಗ ಎಷ್ಟು ಡಿಗ್ರಿ ಇತ್ತು? "ನೋಡಲಿಲ್ಲ" ಅಂದರೆ ಉತ್ತರ ಹೆಚ್ಚು ಕಡಿಮೆ ಅಲ್ಲೇ ಸಿಕ್ಕಿತು. 80 ದಾಟಿದ ಎದೆ ಮಾಂಸವನ್ನು ಅರ್ಧ ಗಂಟೆ ಸುಮ್ನೆ ಬಿಟ್ಟರೂ ಮೆತ್ತಗಾಗುವುದಿಲ್ಲ.

74ರಲ್ಲಿ ತೆಗೆದೆ ಅನ್ನುವವರಿಗೆ ಎರಡನೇ ಪ್ರಶ್ನೆ: ತೆಗೆದು ಎಲ್ಲಿಟ್ಟಿರಿ? ಕೋಳಿ ಬೆಂದರೆ ಒಳಗೆ 74 ಡಿಗ್ರಿ ಮುಟ್ಟಬೇಕು ಅನ್ನುವುದು ಅಮೆರಿಕದ ಕೃಷಿ ಇಲಾಖೆ ಹೇಳುವ ಲೆಕ್ಕ, ಬಹಳ ಕಡೆ ಇದೇ ಬಳಕೆಯಲ್ಲಿದೆ. ಆದರೆ ಓವನ್ನಿಂದ ತೆಗೆದ ಕೂಡಲೇ ಬೇಯುವುದು ನಿಲ್ಲುವುದಿಲ್ಲ. ಹೊರಪದರ ಒಳಗಿಗಿಂತ ತುಂಬಾ ಬಿಸಿ ಇರುತ್ತದೆ, ಆ ಬಿಸಿ ಒಳಕ್ಕೆ ಹೋಗುತ್ತಲೇ ಇರುತ್ತದೆ. ಸುಮಾರು 1.3 ಕೆ.ಜಿ. ಕೋಳಿಯನ್ನು 200 ಡಿಗ್ರಿ ಓವನ್ನಿಂದ ತೆಗೆದರೆ ಎದೆ ಭಾಗ ಇನ್ನೂ ಮೂರರಿಂದ ಐದು ಡಿಗ್ರಿ ಏರಬಹುದು. ಮೂಳೆ ಸಮೇತ ಮೇಕೆಯ ದೊಡ್ಡ ತೊಡೆಯಾದರೆ ಐದರಿಂದ ಎಂಟು. ಪುಟ್ಟ ಕಬಾಬ್ ತುಂಡು ಏರುವುದೇ ಇಲ್ಲ ಅನ್ನಬಹುದು.

ಇಲ್ಲಿ ನಮ್ಮ ಅಡುಗೆಮನೆಗಳದ್ದೇ ಒಂದು ಅಭ್ಯಾಸ ಕೈಕೊಡುತ್ತದೆ. ಓಟಿಜಿ ಆಫ್ ಮಾಡಿ, ಕೋಳಿಯನ್ನು ಒಳಗೇ ಬಿಟ್ಟು, "ಅಲ್ಲೇ ರೆಸ್ಟ್ ಆಗ್ಲಿ ಬಿಡು" ಅನ್ನುವುದು. ಸ್ವಿಚ್ ಆಫ್ ಆದ ಮಾತ್ರಕ್ಕೆ ಓವನ್ ತಣ್ಣಗಾಗುವುದಿಲ್ಲ. ಒಳಗಿನ ಗಾಳಿ, ಗೋಡೆ, ಟ್ರೇ ಎಲ್ಲ ಬಹಳ ಹೊತ್ತು ಕಾದೇ ಇರುತ್ತವೆ. ಅದು ರೆಸ್ಟ್ ಅಲ್ಲ, ಎರಡನೇ ಸುತ್ತಿನ ಬೇಕಿಂಗ್. ಬೀಡು ಕಬ್ಬಿಣದ ಕಾವಲಿಯಲ್ಲೇ ಬಿಡುವುದೂ ಹೀಗೇ, ಉರಿ ಆರಿದ ಮೇಲೂ ಅಡಿ ಹುರಿಯುತ್ತಲೇ ಇರುತ್ತದೆ.

ಮಾಡಬೇಕಾದ್ದು ಇಷ್ಟು. ಎದೆ ಭಾಗ 70-71 ಆದಾಗ ಕೋಳಿಯನ್ನು ಓವನ್ನಿಂದಲೂ ಬಿಸಿ ಟ್ರೇಯಿಂದಲೂ ಹೊರಗೆ ತೆಗೆದು ಜಾಲರಿಯ ಮೇಲಿಡಿ. ಥರ್ಮಾಮೀಟರ್ ಚುಚ್ಚಿದಂತೆಯೇ ಇರಲಿ. ಸಂಖ್ಯೆ ಏರುತ್ತದೆ, ಒಂದು ಕಡೆ ನಿಲ್ಲುತ್ತದೆ, ಆಮೇಲೆ ಇಳಿಯಲು ಶುರುವಾಗುತ್ತದೆ. 74 ಮುಟ್ಟದೇ ಇಳಿಯಲು ಶುರುವಾದರೆ ಮತ್ತೆ ಓವನ್ನಿಗೆ ಹಾಕಿ, ಅದರಲ್ಲಿ ರಾಜಿ ಬೇಡ. ಮುಟ್ಟಿ ಇಳಿಯುತ್ತಾ 65ರ ಹತ್ತಿರ ಬಂದಾಗ ಚಾಕು ತೆಗೆದುಕೊಳ್ಳಿ. ಸಾಮಾನ್ಯವಾಗಿ ಸುಮಾರು ಹದಿನೈದು ನಿಮಿಷ ಹಿಡಿಯುತ್ತದೆ.

ಇಷ್ಟೆಲ್ಲ ಸರಿ ಇದ್ದರೂ ಒಣಗಿದೆಯಾ? ಹಾಗಾದರೆ ಕೋಳಿಯನ್ನೇ ನೋಡಿ. ನಮ್ಮಲ್ಲಿ ಬಹಳ ಅಂಗಡಿಗಳಲ್ಲಿ ಕೇಳದಿದ್ದರೆ ಚರ್ಮ ಸುಲಿದೇ ಕೊಡುತ್ತಾರೆ. ಸಾರಿಗೆ ಅದು ಸರಿ. ಒಂದು ಗಂಟೆ ಒಣ ಬಿಸಿಯಲ್ಲಿ ಕೂರುವ ರೋಸ್ಟ್‌ಗೆ ಚರ್ಮ ಬೇಕು. ವಿತ್ ಸ್ಕಿನ್ ಅಂತ ಮೊದಲೇ ಹೇಳಿ. ಹಿಂದಿನ ರಾತ್ರಿ ಒಳಗೂ ಹೊರಗೂ ಉಪ್ಪು ಸವರಿ ಫ್ರಿಜ್ಜಿನಲ್ಲಿಡಿ. ಉಪ್ಪು ಎಳೆಗಳ ಒಳಕ್ಕೆ ಇಳಿದರೆ ಬೇಯುವಾಗ ನೀರು ಹಿಡಿದಿಟ್ಟುಕೊಳ್ಳುವ ಶಕ್ತಿ ಹೆಚ್ಚುತ್ತದೆ. ನನ್ನನ್ನು ಕೇಳಿದರೆ ರಾತ್ರಿಯ ಆ ಉಪ್ಪಿನಿಂದ ಸಿಗುವ ಲಾಭ, ರೆಸ್ಟ್‌ನಿಂದ ಸಿಗುವುದಕ್ಕಿಂತ ದೊಡ್ಡದು.

ಹೊರಗೆ ಒಣಗಿ, ಒಳಗೆ ಮೂಳೆಯ ಹತ್ತಿರ ಹಸಿ ಇದ್ದರೆ ಮಾತ್ರ ಕಾರಣ ಬೇರೆ. ಕೋಳಿಯ ನಡುವೆ ಐಸ್ ಕರಗಿರಲಿಲ್ಲ. ಇಡೀ ಕೋಳಿ ಫ್ರೀಜರ್‌ನಿಂದ ಕೆಳಗಿನ ಫ್ರಿಜ್ಜಿಗೆ ಬಂದು ಕರಗಲು ಒಂದು ಇಡೀ ದಿನ ಬೇಕು.

ಲಕ್ಷಣ: ಹಲಗೆಯ ಮೇಲೆ ರಸ ಹರಿಯಿತು

ರಸ ಯಾವಾಗ ಬಂತು ಅಂತ ನೋಡಿ. ಕತ್ತರಿಸುವ ಮೊದಲೇ, ಸುಮ್ನೆ ಇಟ್ಟಿದ್ದಾಗಲೇ ತಟ್ಟೆಯಲ್ಲಿ ನಿಂತಿದ್ದರೆ ಅದು ಹೆಚ್ಚು ಬೆಂದಿದೆ, ಇಲ್ಲವೇ ಒಮ್ಮೆ ಫ್ರೀಜ್ ಆಗಿ ಕರಗಿದ ಮಾಂಸ ಅದು. ಫ್ರೀಜ್ ಆಗುವಾಗ ಐಸಿನ ಹರಳು ಎಳೆಗಳನ್ನು ಸೀಳಿರುತ್ತದೆ, ನೀರು ಹಿಡಿಯುವ ಶಕ್ತಿ ಹೋಗಿರುತ್ತದೆ. ಮೊದಲ ಸೀಳಿಗೇ ಬಳಬಳ ಅಂತ ಹರಿದರೆ ನಿಜವಾಗಿಯೂ ಬೇಗ ಕತ್ತರಿಸಿದ್ದೀರಿ.

ಅನುಮಾನ ಇದ್ದರೆ ಮನೆಯಲ್ಲೇ ಪರೀಕ್ಷೆ ಮಾಡಬಹುದು. ಒಂದೇ ಕೋಳಿಯ ಎರಡು ಎದೆ ತುಂಡುಗಳನ್ನು ಒಟ್ಟಿಗೆ ಬೇಯಿಸಿ. ಒಂದನ್ನು ತಕ್ಷಣ ಕತ್ತರಿಸಿ, ಇನ್ನೊಂದನ್ನು ಎಂಟು ಹತ್ತು ನಿಮಿಷ ಬಿಟ್ಟು ಕತ್ತರಿಸಿ. ಖಾಲಿ ತಟ್ಟೆಗಳ ತೂಕ ಮೊದಲೇ ಬರೆದಿಟ್ಟುಕೊಂಡು, ಮಾಂಸ ಎತ್ತಿದ ಮೇಲೆ ಅಡುಗೆಮನೆ ತಕ್ಕಡಿಯಲ್ಲಿ ಮತ್ತೆ ತೂಗಿ. ಎರಡು ತಟ್ಟೆಗೂ ವ್ಯತ್ಯಾಸ ಕಾಣದಿದ್ದರೆ ನಿಮ್ಮ ಮನೆಯ ರೋಗ ರೆಸ್ಟ್‌ನದ್ದಲ್ಲ.

ಹರಿದ ರಸವನ್ನು ಚೆಲ್ಲುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಟ್ರೇಯಲ್ಲಿ ಉಳಿದ ತುಪ್ಪ ಮಸಾಲೆಗೆ ಅದನ್ನು ಬೆರೆಸಿ ಒಂದು ಕುದಿ ಕುದಿಸಿ ತುಂಡುಗಳ ಮೇಲೆ ಹಾಕಿ. ರೊಟ್ಟಿಯಲ್ಲಿ ಒರೆಸಿ ತಿಂದ ಮೇಲೆ ನಷ್ಟ ಎಲ್ಲಿ ಬಂತು?

ಲಕ್ಷಣ: ಹಲಗೆಯ ಮೇಲೆ ಕೆಂಪು ನೀರು, "ರಕ್ತ ಬರ್ತಿದೆ"

ರಕ್ತ ಅಲ್ಲ. ಪ್ರಾಣಿಯನ್ನು ಕಡಿದಾಗಲೇ ಬಹುಪಾಲು ರಕ್ತ ಹೋಗಿರುತ್ತದೆ. ಇದು ನೀರಿನ ಜೊತೆ ಬರುವ ಮಯೋಗ್ಲೋಬಿನ್ ಅನ್ನುವ ಸ್ನಾಯುವಿನ ಬಣ್ಣ. ಬ್ರಾಯ್ಲರ್ ಕೋಳಿಯಲ್ಲಿ ತೊಡೆಯ ಮೂಳೆಯ ಸುತ್ತ ಕಡು ಕೆಂಪು ಕಾಣುವುದಂತೂ ಮಾಮೂಲು. ಅವು ಕೆಲವೇ ವಾರಗಳ ಎಳೆ ಕೋಳಿಗಳು, ಮೂಳೆ ಇನ್ನೂ ಗಟ್ಟಿಯಾಗಿರುವುದಿಲ್ಲ, ಒಳಗಿನ ಮಜ್ಜೆಯ ಬಣ್ಣ ಹೊರಗೆ ಜಿನುಗುತ್ತದೆ. ಬಣ್ಣ ನೋಡಿ ಬೆಂದಿದೆ, ಬೆಂದಿಲ್ಲ ಅಂತ ತೀರ್ಮಾನ ಮಾಡಬೇಡಿ. ಥರ್ಮಾಮೀಟರ್ 74 ಅಂದರೆ ತಿನ್ನಿ. ಹೇಳದಿದ್ದರೆ, ಬಿಳಿ ಕಂಡರೂ ತಿನ್ನಬೇಡಿ.

ಲಕ್ಷಣ: ಚರ್ಮ ಮೆತ್ತಗಾಯ್ತು

ಫಾಯಿಲ್ ಬಿಗಿಯಾಗಿ ಸುತ್ತಿದಿರಿ ಅಲ್ವಾ? ಒಳಗಿನ ಹಬೆಗೆ ಹೋಗಲು ದಾರಿ ಇಲ್ಲ, ಫಾಯಿಲ್‌ಗೆ ಹತ್ತಿ ಹನಿಯಾಗಿ ಚರ್ಮದ ಮೇಲೇ ಬೀಳುತ್ತದೆ. ಮೇಲಾಗಿ ಬಿಸಿಯೂ ಒಳಗೇ ಉಳಿದು ಮಾಂಸ ಇನ್ನಷ್ಟು ಬೇಯುತ್ತದೆ. ಗರಿಗರಿ ಚರ್ಮ ಬೇಕಾದರೆ ಫಾಯಿಲ್ ಬೇಡವೇ ಬೇಡ, ಜಾಲರಿಯ ಮೇಲೆ ತೆರೆದಿಡಿ. ತಟ್ಟೆಯ ಮೇಲಿಟ್ಟರೆ ಮೇಲ್ಭಾಗ ಗರಿಯಾಗಿದ್ದು ಅಡಿ ರಸದಲ್ಲಿ ನೆನೆಯುತ್ತದೆ.

ಇದೇ ರೋಗದ ಇನ್ನೊಂದು ರೂಪ ಹಾಟ್ ಬಾಕ್ಸ್. ನೆಂಟರು ಬರುವ ತನಕ ಬಿಸಿ ಇರಲಿ ಅಂತ ಕರಿದ ಕಬಾಬನ್ನು ಅದರೊಳಗೆ ಹಾಕಿ ಮುಚ್ಚಳ ಹಾಕುತ್ತಾರೆ. ಅರ್ಧ ಗಂಟೆ ಬಿಟ್ಟು ತೆಗೆದರೆ ಮುಚ್ಚಳದ ಒಳಗೆಲ್ಲ ಬೆವರು, ಕಬಾಬಿನ ಹೊರಪದರ ಬೆರಳಿಗೆ ಅಂಟಿ ಕಿತ್ತು ಬರುತ್ತದೆ. ಕಬಾಬ್, ಟಿಕ್ಕಾ, ಪೆಪ್ಪರ್ ಫ್ರೈ ಇವಕ್ಕೆಲ್ಲ ರೆಸ್ಟ್ ಅನ್ನುವ ಉಪಚಾರವೇ ಬೇಡ. ಎಣ್ಣೆ ಬಸಿಯುವಷ್ಟು ಹೊತ್ತು ಸಾಕು, ಬಿಸಿ ಇರುವಾಗಲೇ ತಿನ್ನಿ. ನೆಂಟರು ತಡವಾದರೆ ಕರಿಯುವುದನ್ನೇ ತಡ ಮಾಡಿ.

ಲಕ್ಷಣ: ತಿನ್ನುವ ಹೊತ್ತಿಗೆ ತಣ್ಣಗೆ

ತಲೆ ಎತ್ತಿ ನೋಡಿ, ಮೇಲೆ ಫ್ಯಾನ್ ತಿರುಗುತ್ತಿರಬಹುದು. ಹೊರಗಿನ ಅಡುಗೆ ಪುಸ್ತಕಗಳ ಹದಿನೈದು ನಿಮಿಷ ಅನ್ನುವ ಲೆಕ್ಕದಲ್ಲಿ ಸೀಲಿಂಗ್ ಫ್ಯಾನ್ ಇಲ್ಲ. ಫ್ಯಾನ್ ಗಾಳಿಗೆ ಹೊರಮೈ ಬೇಗ ಆರಿ ಒಣಗುತ್ತದೆ. ತಣ್ಣನೆಯ ಗ್ರಾನೈಟ್ ಕಟ್ಟೆಯ ಮೇಲಿಟ್ಟ ಸ್ಟೀಲ್ ತಟ್ಟೆಯೂ ಅಡಿಯಿಂದ ಬಿಸಿ ಎಳೆಯುತ್ತದೆ. ಮರದ ಹಲಗೆಯ ಮೇಲೆ ಜಾಲರಿ ಇಡಿ, ಗಾಳಿ ತಪ್ಪಿಸಿ, ಬಡಿಸುವ ತಟ್ಟೆಗಳನ್ನು ಬಿಸಿ ನೀರಲ್ಲಿ ಅದ್ದಿ ಒರೆಸಿಡಿ.

ಲಕ್ಷಣ: ರಸ ಇದೆ, ಆದರೆ ರಬ್ಬರ್

ಇದನ್ನು ಒಣಗಿದ ಮಾಂಸದ ಜೊತೆ ಬೆರೆಸಬೇಡಿ. ಬಾಯಲ್ಲಿ ನೀರಿನಂಶ ಇದ್ದು ಹಲ್ಲಿಗೆ ಮಾತ್ರ ಬಗ್ಗದಿದ್ದರೆ ಕಾರಣ ಬೇರೆ.

ಮೊದಲು ಚಾಕು ಎತ್ತ ಓಡಿಸಿದಿರಿ ಅಂತ ನೋಡಿ. ಮಾಂಸದ ಎಳೆಗಳು ಒಂದೇ ದಿಕ್ಕಿಗೆ ಓಡುತ್ತಿರುವುದು ಕಣ್ಣಿಗೇ ಕಾಣುತ್ತದೆ. ಅವಕ್ಕೆ ಅಡ್ಡಲಾಗಿ ಕತ್ತರಿಸಿದರೆ ಎಳೆ ಚಿಕ್ಕದಾಗುತ್ತದೆ. ಉದ್ದಕ್ಕೆ ಕತ್ತರಿಸಿದರೆ ಆ ಕೆಲಸವೆಲ್ಲ ನಿಮ್ಮ ಹಲ್ಲಿನ ಪಾಲು.

ಅದೂ ಸರಿ ಇದ್ದರೆ ಅಂಗಡಿಗೆ ಹೋಗೋಣ. ಭಾನುವಾರ ಬೆಳಗ್ಗೆ ಕ್ಯೂ ನಿಂತು ತಂದ ಮಟನ್, ಅದೇ ಬೆಳಗ್ಗೆ ಕಡಿದದ್ದು. ಫ್ರೆಶ್ ಅಂತ ನಾವು ಖುಷಿಪಡುತ್ತೇವೆ. ಆದರೆ ಪ್ರಾಣಿ ಸತ್ತ ಕೆಲವು ಗಂಟೆಗಳಲ್ಲಿ ಸ್ನಾಯು ಸೆಟೆದುಕೊಳ್ಳುತ್ತದೆ, ಮತ್ತೆ ಸಡಿಲಗೊಳ್ಳಲು ಕುರಿ ಮೇಕೆಗೆ ಒಂದು ದಿನ ಬೇಕು. ಕೋಳಿಗೆ ಕೆಲವು ಗಂಟೆ ಸಾಕು. ಸೆಟೆದಿದ್ದಾಗಲೇ ಒಲೆಗೆ ಹಾಕಿದರೆ ಆ ಗಟ್ಟಿತನ ಹಾಗೇ ಉಳಿಯುತ್ತದೆ. ಸಾರಿನಲ್ಲಿ ಒಂದೂವರೆ ಗಂಟೆ ಕುದ್ದು ಹೇಗೋ ಮೆತ್ತಗಾಗುತ್ತದೆ. ರೋಸ್ಟ್‌ನಲ್ಲಿ, ಚಾಪ್ಸ್‌ನಲ್ಲಿ ತಪ್ಪಿಸಿಕೊಳ್ಳುವ ದಾರಿ ಇಲ್ಲ. ನಿಜವಾಗಿ ಬೇಕಿದ್ದ ರೆಸ್ಟ್ ಬೇಯಿಸುವ ಮುಂಚಿನದು: ಶನಿವಾರ ತಂದು ರಾತ್ರಿ ಫ್ರಿಜ್ಜಿನಲ್ಲಿಟ್ಟು ಭಾನುವಾರ ಬೇಯಿಸಿ.

ಹಾಗಂತ ಕೈಗೆ ಇನ್ನೂ ಬೆಚ್ಚಗೆ ತಾಗುವ ಮಾಂಸವನ್ನು ನೇರ ಫ್ರೀಜರ್‌ಗೆ ತುರುಕಬೇಡಿ. ಸೆಟೆಯುವ ಮೊದಲೇ ವಿಪರೀತ ಚಳಿ ತಾಗಿದರೆ ಸ್ನಾಯು ಇನ್ನೂ ಕುಗ್ಗಿ ಗಟ್ಟಿಯಾಗುತ್ತದೆ. 1963ರಲ್ಲಿ ನ್ಯೂಜಿಲೆಂಡ್‌ನ ಸಂಶೋಧಕರು ಇದನ್ನು ದನದ ಮಾಂಸದಲ್ಲಿ ತೋರಿಸಿಕೊಟ್ಟರು, ಕುರಿಯಲ್ಲೂ ಇದೇ ಕತೆ. ಮೂಳೆಗೆ ಅಂಟಿಕೊಂಡ ಇಡೀ ತೊಡೆ ಅಷ್ಟು ಕುಗ್ಗಲಾರದು, ಮೂಳೆ ಎಳೆದು ಹಿಡಿದಿರುತ್ತದೆ. ಬಿಡಿಸಿದ ತುಂಡುಗಳಿಗೇ ಅಪಾಯ ಜಾಸ್ತಿ.

ಇದಕ್ಕೆ ಉಲ್ಟಾ ದೂರೂ ಇದೆ: ತೊಡೆ ಮಾಂಸ ಹಿಟ್ಟಿನ ಹಾಗೆ ಕಲಸಿಹೋಗಿದೆ ಅನ್ನುವುದು. ಪರಂಗಿಕಾಯಿ ಅರೆದು ಹಚ್ಚಿದ್ದರೆ ಅದರದ್ದೇ ಕೆಲಸ. ಅದರಲ್ಲಿರುವ ಕಿಣ್ವ ಬೆಚ್ಚಗಿರುವಾಗ ಇನ್ನೂ ಚುರುಕು, ನಿಧಾನ ಉರಿಯಲ್ಲಿ ಬಹಳ ಹೊತ್ತು ಇಟ್ಟಷ್ಟೂ ತಿನ್ನುತ್ತಾ ಹೋಗುತ್ತದೆ. ಕಡಿಮೆ ಹಾಕಿ, ಕಡಿಮೆ ಹೊತ್ತು ಬಿಡಿ.

ಕುಕ್ಕರ್‌ನಲ್ಲಿ ಬೇಯಿಸಿದ್ದು ಚೂರು ಚೂರಾದರೆ

ಓವನ್ ಇಲ್ಲದ ಮನೆಯಲ್ಲೂ ರೆಸ್ಟ್ ಕೆಡುತ್ತದೆ. ಸೀಟಿ ಆದ ಕೂಡಲೇ ಸೌಟಿನಿಂದ ವೆಯ್ಟ್ ಎತ್ತಿ ಹಬೆ ಬಿಡುವವರು, ಕುಕ್ಕರನ್ನು ನಲ್ಲಿ ಕೆಳಗೆ ಹಿಡಿಯುವವರು ಇದನ್ನು ಓದಿ. ಒತ್ತಡದಲ್ಲಿ ಒಳಗಿನ ಬಿಸಿ 120 ಡಿಗ್ರಿಯ ಹತ್ತಿರ ಇರುತ್ತದೆ. ಒತ್ತಡ ದಿಢೀರ್ ಇಳಿದರೆ ಅಷ್ಟು ಬಿಸಿಯ ನೀರು ಒಮ್ಮೆಲೇ ಕೊತಕೊತ ಕುದಿಯುತ್ತದೆ, ಮಾಂಸದ ಒಳಗಿನದ್ದೂ ಸೇರಿ. ಎಳೆ ಬಿರಿಯುತ್ತದೆ, ಒಳಗೆ ಒಣಗುತ್ತದೆ, ಸಾರು ಮಾತ್ರ ಚೆನ್ನಾಗಿರುತ್ತದೆ. ಉರಿ ಆರಿಸಿ, ವೆಯ್ಟ್ ತಾನಾಗೇ ಸಡಿಲವಾಗುವ ತನಕ ಮುಟ್ಟಬೇಡಿ. ತೆಗೆದ ಮೇಲೂ ತುಂಡುಗಳು ಸಾರಿನಲ್ಲೇ ಮುಳುಗಿರಲಿ. ಸಾರಿನೊಳಗೇ ಆರುವ ಮಾಂಸ ಬಿಟ್ಟ ರಸದಲ್ಲಿ ಸ್ವಲ್ಪವನ್ನು ಮತ್ತೆ ಹೀರಿಕೊಳ್ಳುತ್ತದೆ. ಕೊಡಗಿನ ಪಂದಿ ಕರಿ ಮರುದಿನ ಇನ್ನೂ ರುಚಿ ಅನ್ನಿಸುವುದಕ್ಕೆ ಅದಕ್ಕೆ ಹಾಕುವ ಕಾಚಂಪುಳಿ ಅನ್ನುವ ಹುಳಿಯ ಜೊತೆ ಇದೂ ಒಂದು ಕಾರಣ.

ಮಸಾಲೆ ಹಚ್ಚಿ ಗಂಟೆಗಟ್ಟಲೆ ಬೇಯಿಸುವ ಮೇಕೆ ತೊಡೆಗೂ ಇದೇ ನಿಯಮ. ಅದು 85-90 ಡಿಗ್ರಿಗೆ ಹೋಗಿ ಕೊಲಾಜೆನ್ ಅನ್ನುವ ಗಟ್ಟಿ ಪ್ರೋಟೀನು ಕರಗಿದರೇ ಮೆತ್ತಗಾಗುವುದು, ಹಾಗಾಗಿ ಇಲ್ಲಿ ಬಿಸಿ ಏರುತ್ತದೆ ಅನ್ನುವ ಚಿಂತೆ ಇಲ್ಲ. ಪಾತ್ರೆಯಲ್ಲೇ ಮುಚ್ಚಿ, ಅರ್ಧ ಗಂಟೆ ಅದರದ್ದೇ ಮಸಾಲೆಯಲ್ಲಿ ಬಿಡಿ.

ಬಿರಿಯಾನಿಗೂ ದಮ್ ಇಳಿಸಿದ ಮೇಲೆ ಹತ್ತು ಹದಿನೈದು ನಿಮಿಷ ಮುಚ್ಚಳ ತೆಗೆಯಬೇಡಿ. ಅದು ಮಾಂಸಕ್ಕಿಂತ ಅಕ್ಕಿಗಾಗಿ. ಬಿಸಿಯಲ್ಲಿ ಸೌಟು ಹಾಕಿದರೆ ಅಗುಳು ಮುರಿಯುತ್ತದೆ.

ಎಷ್ಟು ಹೊತ್ತು ಬಿಟ್ಟರೆ ಅಪಾಯ

ಬೆಂದ ಮಾಂಸ 60 ಡಿಗ್ರಿಗಿಂತ ಕೆಳಗೆ ಇಳಿದ ಮೇಲೆ ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇರಬಾರದು. ಸುತ್ತಲಿನ ಬಿಸಿ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ಮೇ ತಿಂಗಳ ಕಲಬುರಗಿ, ರಾಯಚೂರಿನಲ್ಲಿ ಒಂದು ಗಂಟೆಯ ಲೆಕ್ಕವೇ ಹಿಡಿಯಿರಿ. ಉಳಿದದ್ದನ್ನು ಮೂಳೆಯಿಂದ ಬಿಡಿಸಿ, ಅಗಲವಾದ ಡಬ್ಬಿಯಲ್ಲಿ ತೆಳ್ಳಗೆ ಹರಡಿ ಫ್ರಿಜ್ಜಿಗೆ ಇಡಿ. ಇಡೀ ಕೋಳಿಯನ್ನು ಹಾಗೇ ಇಟ್ಟರೆ ನಡುಭಾಗ ತಣ್ಣಗಾಗಲು ತುಂಬಾ ಹೊತ್ತು ಹಿಡಿಯುತ್ತದೆ.